ಒಂದು ಚೇತಕ್, ಒಂದು ಚೀತಾ: ಗುಜರಿಗೆ ಹಾಕುವ ಮುನ್ನ ನಮ್ಮ ಕೈಗೆ ಕೊಡಿ

ಮಾನ್ಯ ಕೇಂದ್ರ ರಕ್ಷಣಾ ಸಚಿವರಿಗೆ ಹಾಗೂ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಅಧ್ಯಕ್ಷರಿಗೆ,

ನಮಸ್ಕಾರಗಳು.

ನಾನು ಬೆಂಗಳೂರಿನ ವಿಮಾನಪುರದವನು. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿ, ಮೂವತ್ತನಾಲ್ಕು ವರ್ಷ ಹೆಲಿಕಾಪ್ಟರ್ ಜೋಡಣೆಯ ಹ್ಯಾಂಗರಿನಲ್ಲಿ ದುಡಿದು ನಿವೃತ್ತನಾದ ಫಿಟ್ಟರ್. ಪೈಲಟ್ ಅಲ್ಲ, ಎಂಜಿನಿಯರೂ ಅಲ್ಲ. ಹೀಗಾಗಿ ಈ ಪತ್ರದಲ್ಲಿ ರಕ್ಷಣಾ ನೀತಿಯ ದೊಡ್ಡ ಮಾತುಗಳಿಲ್ಲ. ಕೇಳುತ್ತಿರುವುದು ಎರಡೇ ಎರಡು ಹಳೆಯ ಹೆಲಿಕಾಪ್ಟರ್: ಒಂದು ಚೇತಕ್, ಒಂದು ಚೀತಾ. ಕಂಬದ ಮೇಲೆ ನಿಲ್ಲಿಸುವುದಕ್ಕಲ್ಲ, ಹಾರಿಸುವುದಕ್ಕೆ.

ಕಳೆದ ಶ್ರಾವಣದಲ್ಲಿ ನೆಂಟರ ಮನೆಯ ಮದುವೆಗೆಂದು ಒಂದು ಊರಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ಬಸ್ ಇಳಿದು ಛತ್ರದ ಕಡೆ ನಡೆಯುವಾಗ ವೃತ್ತದ ನಡುವೆ ಕಾಂಕ್ರೀಟ್ ಕಂಬದ ಮೇಲೆ ಒಂದು ಚೇತಕ್ ಕಂಡಿತು. ಮೈಗೆ ಗೇಟಿಗೆ ಹಚ್ಚುವ ಪೇಂಟ್ ಹಚ್ಚಿದ್ದರು. ಮುಂದಿನ ಚಕ್ರದ ಟೈರು ಬಿಸಿಲಿಗೆ ಸೀಳಿತ್ತು. ಮೂರು ಬ್ಲೇಡುಗಳ ನಡುವೆ ಅಂತರ ಕಾಯುವ ಉಕ್ಕಿನ ತಂತಿಗಳಲ್ಲಿ ಒಂದು ಕಳಚಿ ಜೋತಾಡುತ್ತಿತ್ತು. ರೋಟರಿನ ತಲೆಯಲ್ಲಿ, ಒಂದು ಕಣ ಧೂಳೂ ಸೋಕದಂತೆ ಉಸಿರು ಬಿಗಿಹಿಡಿದು ನಾವು ಬೇರಿಂಗ್ ಕೂರಿಸುತ್ತಿದ್ದ ಜಾಗದಲ್ಲಿ, ಕಾಗೆ ಗೂಡು ಕಟ್ಟಿತ್ತು. ಬಾಲಕ್ಕೆ ಹಗ್ಗ ಬಿಗಿದು ಯಾರೋ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ಕಾಗೆಯ ಮೇಲೆ ನನಗೆ ಕೋಪವಿಲ್ಲ. ಅದಾದರೂ ಆ ಯಂತ್ರವನ್ನು ಒಂದು ಉಪಯೋಗಕ್ಕೆ ತಂದಿದೆ.

ಜೊತೆಯಲ್ಲಿದ್ದ ಮೊಮ್ಮಗ ಕತ್ತೆತ್ತಿ ನೋಡಿ, "ತಾತ, ಇದು ನಿಜವಾದದ್ದೋ, ಸಿಮೆಂಟಿನಲ್ಲಿ ಮಾಡಿದ್ದೋ?" ಎಂದು ಕೇಳಿದ. ಈ ಪತ್ರಕ್ಕೆ ಆ ಪ್ರಶ್ನೆಯೇ ಕಾರಣ.

ಇವುಗಳ ಚರಿತ್ರೆ ತಮಗೆ ಗೊತ್ತಿರುವುದೇ. ಆದರೂ ಬಹಿರಂಗ ಪತ್ರವಾದ್ದರಿಂದ ಓದುವ ಉಳಿದವರಿಗಾಗಿ ನಾಲ್ಕು ಮಾತು. ಚೇತಕ್ ಎಂದರೆ ಫ್ರಾನ್ಸಿನ ಅಲೂಯೆಟ್-3. ಅದು ಮೊದಲು ಹಾರಿದ್ದು 1959ರಲ್ಲಿ, ನಮ್ಮ ವಾಯುಪಡೆಗೆ ಬಂದದ್ದು 1962ರಲ್ಲಿ. 1965ರಲ್ಲಿ ಬೆಂಗಳೂರಿನಲ್ಲೇ ಜೋಡಿಸಿದ ಮೊದಲನೆಯದು ಹಾರಿತು. ಅಲೂಯೆಟ್ ಎಂದರೆ ಫ್ರೆಂಚರಿಗೆ ನೆಲಗುಬ್ಬಿಯ ಜಾತಿಯ ಒಂದು ಪುಟ್ಟ ಹಕ್ಕಿ. ನಮ್ಮವರು ಅದಕ್ಕೆ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟರು. ಮುನ್ನೂರಕ್ಕೂ ಹೆಚ್ಚು ಚೇತಕ್‌ಗಳು ಇಲ್ಲಿಂದ ಹೊರಬಿದ್ದಿವೆ.

ಚೀತಾದ ಹುಟ್ಟಿಗಂತೂ ಭಾರತವೇ ಕಾರಣ. ಹಿಮಾಲಯದ ಎತ್ತರಕ್ಕೆ ಹೇಳಿ ಮಾಡಿಸಿದಂಥ ಹೆಲಿಕಾಪ್ಟರ್ ಬೇಕು ಎಂದು ನಾವು ಕೇಳಿದ್ದರಿಂದ ಫ್ರೆಂಚರು ಅಲೂಯೆಟ್-2ರ ಹಗುರ ಮೈಗೆ ಅಲೂಯೆಟ್-3ರ ಎಂಜಿನ್, ಗೇರ್‌ಬಾಕ್ಸ್, ರೋಟರ್ ಕೂಡಿಸಿದರು. ಬಾಲಕ್ಕೆ ಹೊದಿಕೆಯಿಲ್ಲ, ಬರೀ ಕೊಳವೆಗಳ ಎಲುಬುಗೂಡು. 870 ಅಶ್ವಶಕ್ತಿ ಕೊಡಬಲ್ಲ ಎಂಜಿನ್ನಿನಿಂದ ಸುಮಾರು 550 ಮಾತ್ರ ತೆಗೆಯುತ್ತಾರೆ; ಉಳಿದದ್ದು ಗಾಳಿ ತೆಳುವಾಗುವ ಎತ್ತರಕ್ಕೆ ಕಟ್ಟಿಟ್ಟ ಬುತ್ತಿ. 1972ರ ಜೂನ್ 21ರಂದು ಫ್ರಾನ್ಸಿನಲ್ಲಿ ಜಾನ್ ಬೂಲೆ ಎಂಬ ಪೈಲಟ್ ಇದೇ ಮಾದರಿಯನ್ನು 12,442 ಮೀಟರ್ ಎತ್ತರಕ್ಕೆ ಏರಿಸಿದರು. ಅಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಅಷ್ಟು ಎತ್ತರದಿಂದ ನೆಲದವರೆಗೆ, ಬೀಳುವಾಗ ಕೆಳಗಿನಿಂದ ನುಗ್ಗುವ ಗಾಳಿಗೆ ತಾನಾಗಿ ತಿರುಗುವ ರೋಟರನ್ನೇ ನಂಬಿ ಇಳಿದರು. ನಾವು ಅಪ್ರೆಂಟಿಸ್ ಆಗಿದ್ದಾಗ ಈ ಕಥೆಯನ್ನು ಪುರಾಣದಂತೆ ಕೇಳಿದ್ದೆವು.

1971ರ ಡಿಸೆಂಬರ್ 3ರ ರಾತ್ರಿ ನಾರಾಯಣಗಂಜ್ ಬಳಿಯ ತೈಲ ಸಂಗ್ರಹಾಗಾರದ ಮೇಲೆ ರಾಕೆಟ್ ಹಾರಿಸಿದ್ದು, ಬಾಂಗ್ಲಾದೇಶದ ವಿಮೋಚನೆಗೆ ಹೋರಾಡುತ್ತಿದ್ದವರಿಗೆ ಭಾರತ ಕೊಟ್ಟ ಒಂದು ಅಲೂಯೆಟ್-3. ದಿಮಾಪುರದಲ್ಲಿ ಕಟ್ಟಿದ, 'ಕಿಲೋ ಫ್ಲೈಟ್' ಎಂಬ ಹೆಸರಿನ ಆ ಪುಟ್ಟ ದಳವೇ ಮುಂದೆ ಬಾಂಗ್ಲಾದೇಶದ ವಾಯುಪಡೆಯ ಬೀಜವಾಯಿತು. ಇನ್ನು 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಮನದಿಯನ್ನು ಹಿಡಿಯುವ ಸೇನಾ ಕಾರ್ಯಾಚರಣೆ ಆಪರೇಷನ್ ಮೇಘದೂತ್ ಶುರುವಾದ ಮೇಲೆ ಅಲ್ಲಿನ ಠಾಣೆಗಳಿಗೆ ಚೀತಾ ಏನಾಗಿತ್ತು ಎಂಬುದನ್ನು ನಾನು ಹೇಳುವುದಕ್ಕಿಂತ ಅಲ್ಲಿದ್ದವರು ಹೇಳಬೇಕು. ಒಮ್ಮೆ ಪ್ರದರ್ಶನಕ್ಕಿಟ್ಟಿದ್ದ ಚೀತಾದ ಬಳಿ ಬೆಳಗಾವಿ ಕಡೆಯ ಒಬ್ಬ ನಿವೃತ್ತ ಹವಾಲ್ದಾರರು ತುಂಬಾ ಹೊತ್ತು ನಿಂತಿದ್ದರು. ಬಗ್ಗಿ, ಚಕ್ರದ ಬದಲು ನೆಲಕ್ಕೂರುವ ಅದರ ಸ್ಕಿಡ್ಡಿನ ಮೇಲೆ ಅಂಗೈ ಇಟ್ಟರು. ಮೇಲಿನ ಠಾಣೆಯಲ್ಲಿ ಹೆಲಿಪ್ಯಾಡ್ ಎಂದರೆ ಮಂಚದಷ್ಟು ಅಗಲದ ಹಿಮ, ಎಂಜಿನ್ ನಿಲ್ಲಿಸುವಂತಿಲ್ಲ, ಸ್ಕಿಡ್ ಸೋಕಿದೊಡನೆ ಸೀಮೆಎಣ್ಣೆ ಡಬ್ಬ ಇಳಿಸಿ, ಕಾಯಿಲೆಯಾದವನನ್ನು ಹತ್ತಿಸಿ ಬಿಡಬೇಕಿತ್ತು ಎಂದರು. "ಇದರ ಸದ್ದು ಕೇಳದ ದಿನ ನಾವು ಹೆಚ್ಚು ಮಾತಾಡುತ್ತಿರಲಿಲ್ಲ" ಎಂದರು. ಆಮೇಲೆ ನನ್ನನ್ನು ಅಲ್ಲಿಯ ಸಿಬ್ಬಂದಿ ಎಂದು ತಿಳಿದು, "ಒಮ್ಮೆ ಶುರು ಮಾಡುತ್ತೀರಾ?" ಎಂದು ಕೇಳಿದರು.

ಈಗ ಈ ಎರಡೂ ಹೆಲಿಕಾಪ್ಟರುಗಳನ್ನು ಹಂತ ಹಂತವಾಗಿ ನಿವೃತ್ತಿಗೊಳಿಸುವ ಮಾತು ನಡೆಯುತ್ತಿದೆ. ಅದು ಆಗಬೇಕಾದದ್ದೇ. ಅರವತ್ತು ವರ್ಷದ ಹಿಂದಿನ ವಿನ್ಯಾಸದಲ್ಲಿ ಇಂದಿನ ಯೋಧರನ್ನು ಗಡಿಗೆ ಕಳಿಸಿ ಎಂದು ಯಾವ ಫಿಟ್ಟರನೂ ಹೇಳುವುದಿಲ್ಲ. ಹೊಸ ಹಗುರ ಹೆಲಿಕಾಪ್ಟರ್ 2016ರಲ್ಲಿ ಇಲ್ಲೇ ಹಾರಿದೆ. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಹೊಸ ಕಾರ್ಖಾನೆಯೂ ಉದ್ಘಾಟನೆಯಾಗಿದೆ. ಸಂತೋಷ. ನನ್ನ ಚಿಂತೆ ಹಳೆಯದು ಹೋಗುವ ರೀತಿಯ ಬಗ್ಗೆ. ಮೈ ಕಂಬ ಏರುತ್ತದೆ, ಬಿಡಿಭಾಗ ಹರಾಜಿಗೆ ಹೋಗುತ್ತದೆ, ವಿಶೇಷ ಉಪಕರಣಗಳು ಕಬ್ಬಿಣದ ತೂಕಕ್ಕೆ ಮಾರಾಟವಾಗುತ್ತವೆ, ಕೈಪಿಡಿಗಳು ಗೆದ್ದಲಿಗೆ. ಕೈಯ ಕಸುಬು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲದ್ದರಿಂದ ಹೋದದ್ದೇ ಗೊತ್ತಾಗುವುದಿಲ್ಲ.

ಕಸುಬು ಎಂದರೆ ಏನು ಎಂದು ಒಂದು ಉದಾಹರಣೆ ಕೊಡುತ್ತೇನೆ. ಚೇತಕ್‌ನ ಮೂರು ಬ್ಲೇಡುಗಳೂ ತಿರುಗುವಾಗ ಒಂದೇ ಮಟ್ಟದಲ್ಲಿ ಹಾದುಹೋಗಬೇಕು. ಒಂದು ಬೆರಳಗಲ ಮೇಲೆ ಕೆಳಗೆ ಆದರೂ ಇಡೀ ಹೆಲಿಕಾಪ್ಟರ್ ಕುಲುಕುತ್ತದೆ. ಈಗ ಇದಕ್ಕೆ ಎಲೆಕ್ಟ್ರಾನಿಕ್ ಉಪಕರಣಗಳಿವೆ. ನಾವು ಮಾಡುತ್ತಿದ್ದದ್ದು ಬಾವುಟದಿಂದ. ಮೂರು ಬ್ಲೇಡುಗಳ ತುದಿಗೆ ಕೆಂಪು, ಹಳದಿ, ನೀಲಿ ಬಣ್ಣ ಹಚ್ಚುತ್ತಿದ್ದೆವು. ಎಂಜಿನ್ ಹೊತ್ತಿಕೊಂಡಾಗ ಮೊದಲು ಬರೀ ಶಿಳ್ಳೆ, ರೋಟರ್ ಅಲುಗುವುದಿಲ್ಲ. ಕ್ಲಚ್ ಹಿಡಿದ ಮೇಲೆ ಬ್ಲೇಡುಗಳು ಎಮ್ಮೆ ಎದ್ದ ಹಾಗೆ ನಿಧಾನವಾಗಿ ಹೊರಡುತ್ತವೆ. ಟರ್ಬೈನ್ ನಿಮಿಷಕ್ಕೆ 33,500 ಸುತ್ತಿಗೆ ಏರಿ ನಿಂತಾಗ ತಲೆಯ ಮೇಲಿನ ರೋಟರ್ ಸುಮಾರು 350 ಸುತ್ತು ತಿರುಗುತ್ತಿರುತ್ತದೆ. ಆಗ ಒಬ್ಬ ಉದ್ದ ಕೋಲಿಗೆ ಕಟ್ಟಿದ ಕ್ಯಾನ್ವಾಸ್ ಪಟ್ಟಿಯನ್ನು ನೆಟ್ಟಗೆ ಹಿಡಿದು, ಆ ಕಾಣದ ಚಕ್ರದ ಅಂಚಿನ ಕಡೆಗೆ ಕೂದಲೆಳೆ ಕೂದಲೆಳೆಯಾಗಿ ಸರಿಸಬೇಕು. ಕೈ ನಡುಗುವಂತಿಲ್ಲ. ಹೆಚ್ಚು ಒತ್ತಿದರೆ ಕೋಲು ಕೈಯಲ್ಲಿ ಉಳಿಯುವುದಿಲ್ಲ, ಕೆಲವೊಮ್ಮೆ ಕೈಯೂ. 'ಟಪ್' ಎಂದು ಒಂದೇ ಒಂದು ಸದ್ದು, ಅಷ್ಟರಲ್ಲಿ ಹಿಂದೆಳೆದುಕೊಳ್ಳಬೇಕು. ಪಟ್ಟಿಯ ಮೇಲೆ ಮೂರು ಬಣ್ಣದ ಗೀರು ಮೂಡಿರುತ್ತದೆ. ಮೂರೂ ಒಂದರ ಮೇಲೊಂದು ಬಿದ್ದಿದ್ದರೆ ಆವತ್ತಿನ ಚಹಾ ರುಚಿ. ಹಳದಿ ಒಂದೇ ಮೇಲೆ ಹಾರಿದ್ದರೆ, ಎಂಜಿನ್ ನಿಲ್ಲಿಸಿ, ಏಣಿ ಹತ್ತಿ, ಆ ಬ್ಲೇಡಿನ ಓರೆಯನ್ನು ಹೊಂದಿಸುವ ಪಿಚ್ ರಾಡನ್ನು ಒಂದಿಷ್ಟು ತಿರುಗಿಸಿ, ಮತ್ತೆ ಮೊದಲಿನಿಂದ.

ಎಷ್ಟು ತಿರುಗಿಸಬೇಕು ಎಂಬುದು ಕೈಪಿಡಿಯಲ್ಲಿದೆ. ಕೋಲನ್ನು ಹೇಗೆ ಹಿಡಿಯಬೇಕು ಎಂಬುದು ಇಲ್ಲ. ಅದನ್ನು ನನಗೆ ಕಲಿಸಿದವರು ನನ್ನ ಹಿಂದೆ ನಿಂತು ಎರಡೂ ಮೊಣಕೈ ಹಿಡಿದುಕೊಂಡು ಕಲಿಸಿದರು, ಅಕ್ಷರಾಭ್ಯಾಸ ಮಾಡಿಸುವ ಹಾಗೆ. ನಾನು ಏಳೆಂಟು ಜನರಿಗೆ ಹಾಗೆಯೇ ಕಲಿಸಿದೆ. ಮುಂದೆ ಕಲಿಯುವವರಿಗೆ ತಿರುಗುವ ರೋಟರ್ ಬೇಕು. ಕಂಬದ ಮೇಲಿನದರಲ್ಲಿ ಇದು ಆಗುವುದಿಲ್ಲ.

"ಇದೆಲ್ಲ ಹವ್ಯಾಸಿಗಳ ಕನಸು" ಎಂದು ಒಂದು ಕಚೇರಿಯಲ್ಲಿ ನನಗೆ ಈಗಾಗಲೇ ಹೇಳಿ ಕಳಿಸಿದ್ದಾರೆ. ಹಾಗಾದರೆ ಹೊರಗಿನ ಹವ್ಯಾಸಿಗಳು ಏನು ಮಾಡಿದ್ದಾರೆ ನೋಡೋಣ.

ಅಮೆರಿಕದ ಜಾರ್ಜಿಯಾ ರಾಜ್ಯದ ಹ್ಯಾಂಪ್ಟನ್ ಎಂಬಲ್ಲಿ ಆರ್ಮಿ ಏವಿಯೇಶನ್ ಹೆರಿಟೇಜ್ ಫೌಂಡೇಶನ್ ಎಂಬ ಸಂಸ್ಥೆ ಇದೆ. 1997ರಲ್ಲಿ ಕಟ್ಟಿದ್ದು. ವಿಯೆಟ್ನಾಂ ಯುದ್ಧದ ಕಾಲದ ಹ್ಯೂಯಿ, ಕೋಬ್ರಾ ಹೆಲಿಕಾಪ್ಟರುಗಳನ್ನು ಅವರು ಇಂದಿಗೂ ಹಾರಿಸುತ್ತಾರೆ. ದುರಸ್ತಿ ಮಾಡುವವರು, ಹಾರಿಸುವವರು, ಟಿಕೆಟ್ ಹರಿಯುವವರು ಬಹುಪಾಲು ಸ್ವಯಂಸೇವಕರು. ಅವರಲ್ಲಿ ಅನೇಕರು ಮಾಜಿ ಸೈನಿಕರು. ಹ್ಯೂಯಿಗೆ ಎರಡೇ ಬ್ಲೇಡು, ಅದರ ದಪ್ಪ ಸದ್ದು ಮೈಲಿಗಟ್ಟಲೆ ದೂರ ಕೇಳುತ್ತದೆ. ಅದನ್ನು ಕೇಳಲೆಂದೇ ಎಪ್ಪತ್ತು ದಾಟಿದ ಸೈನಿಕರು ಬರುತ್ತಾರೆ. ನಮ್ಮ ಬೆಳಗಾವಿಯ ಹವಾಲ್ದಾರರ ಕೋರಿಕೆ ಅಲ್ಲಿ ವಾರಾಂತ್ಯದ ಸಾಮಾನ್ಯ ಕಾರ್ಯಕ್ರಮ.

ಬ್ರಿಟನ್ನಿನ ಮಿಡ್ಲ್ ವಾಲಪ್‌ನಲ್ಲಿ ಭೂಸೇನೆಯದೇ ಒಂದು ಹಳೆಯ ವಿಮಾನಗಳ ದಳವಿತ್ತು. ಮುಂದೆ ಅದು ದತ್ತಿ ಸಂಸ್ಥೆಯಾಯಿತು, ದೇಣಿಗೆಯ ಮೇಲೆ ನಡೆಯಿತು. ಸ್ಕೌಟ್, ಸೂ, ಸ್ಕೀಟರ್ ಎಂಬ ಹೆಲಿಕಾಪ್ಟರುಗಳು ಉಳಿದದ್ದು ಹೀಗೆ. ಸಾಮರ್‌ಸೆಟ್ ಕೌಂಟಿಯ ಚಾರ್ಡ್ ಬಳಿ ವೆಸೆಕ್ಸ್, ವರ್ಲ್‌ವಿಂಡ್, ಸೀ ಕಿಂಗ್‌ಗಳನ್ನು ಮತ್ತೆ ಹಾರುವ ಸ್ಥಿತಿಗೆ ತಂದಿದ್ದಾರೆ. ಸೀ ಕಿಂಗ್ ಎಂದರೆ ಸಣ್ಣ ಯಂತ್ರವಲ್ಲ. ಅದರ ಮುಂದೆ ನಮ್ಮ ಚೇತಕ್ ಲಾರಿಯ ಪಕ್ಕದ ಸ್ಕೂಟರ್.

ನಮಗೆ ಹೆಚ್ಚು ಹತ್ತಿರದ ಉದಾಹರಣೆ ದಕ್ಷಿಣ ಆಫ್ರಿಕಾ. ಅವರದೂ ಇದೇ ಅಲೂಯೆಟ್-3. 1962ರಿಂದ 2006ರವರೆಗೆ ದುಡಿಸಿಕೊಂಡು ನಿವೃತ್ತಿಗೊಳಿಸಿದರು. ಆದರೆ ಪ್ರಿಟೋರಿಯಾ ಬಳಿಯ ಸ್ವಾರ್ಟ್‌ಕಾಪ್ ನೆಲೆಯಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಹಾರುವ ದಳವೊಂದಿದೆ; ಅದರಲ್ಲಿ ಅಲೂಯೆಟ್-2, ಅಲೂಯೆಟ್-3 ನಿವೃತ್ತಿಯ ಬಳಿಕವೂ ಜನರ ಮುಂದೆ ಹಾರಿವೆ. ಐರ್ಲೆಂಡ್ ಇನ್ನೊಂದು ದಾರಿ ಹಿಡಿಯಿತು. 2007ರಲ್ಲಿ ಅಲೂಯೆಟ್-3ಗಳನ್ನು ಸೇವೆಯಿಂದ ಬಿಡಿಸುವಾಗ, ಮೊದಲು ಬಂದ 195ನೇ ಸಂಖ್ಯೆಯದನ್ನು ತಮ್ಮ ವಸ್ತುಸಂಗ್ರಹಾಲಯಕ್ಕಾಗಿ 'ರೋಟರ್ ತಿರುಗುವ ಸ್ಥಿತಿಯಲ್ಲಿ' ಇಟ್ಟುಕೊಂಡರು. ನೆಲ ಬಿಡುವುದಿಲ್ಲ, ಆದರೆ ಎಂಜಿನ್ ಹೊತ್ತಿಕೊಳ್ಳುತ್ತದೆ, ರೋಟರ್ ತಿರುಗುತ್ತದೆ. ಈ ಐರ್ಲೆಂಡಿನ ದಾರಿಯನ್ನು ತಾವು ನೆನಪಿನಲ್ಲಿಡಬೇಕು. ಕೊನೆಯಲ್ಲಿ ಅಲ್ಲಿಗೇ ಬರುತ್ತೇನೆ.

ನಮ್ಮ ದೇಶದಲ್ಲೂ ಪೂರ್ವನಿದರ್ಶನ ಇಲ್ಲವೆಂದಲ್ಲ. ವಾಯುಪಡೆಯ ಹಳೆಯ ವಿಮಾನಗಳ ವಿಂಟೇಜ್ ದಳದಲ್ಲಿ ಟೈಗರ್ ಮಾತ್, ಹಾರ್ವರ್ಡ್ ಎಂಬ ತರಬೇತಿ ವಿಮಾನಗಳು ಹಾರಿವೆ. 2018ರಲ್ಲಿ 'ಪರಶುರಾಮ' ಎಂಬ ಡಕೋಟಾ ಸಾಗಣೆ ವಿಮಾನ ಸೇರಿತು. 1947ರ ಅಕ್ಟೋಬರ್‌ನಲ್ಲಿ ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾಗಳ ನೆನಪಿಗೆ ಅದರ ಬಾಲದ ಮೇಲೆ ವಿಪಿ 905 ಎಂಬ ಸಂಖ್ಯೆ. ಅದನ್ನು ಕೊಡುಗೆಯಾಗಿ ಕೊಟ್ಟವರು ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಆ ದಿನ ಟಿವಿಯಲ್ಲಿ ನೋಡಿ ನನಗೂ ಕಣ್ಣು ತುಂಬಿತ್ತು. ಮಾರನೆಯ ದಿನ ಲೆಕ್ಕ ಹಾಕಿದೆ. ಒಂದು ಕಾಲಕ್ಕೆ ನಮ್ಮಲ್ಲಿ ಡಕೋಟಾಗಳ ಸ್ಕ್ವಾಡ್ರನ್‌ಗಳೇ ಇದ್ದವು. ಕಡೆಗೆ ಒಂದನ್ನು ಹಾರಿಸಲು ವಿದೇಶದಲ್ಲಿ ಕೊಂಡು, ಬ್ರಿಟನ್‌ನಲ್ಲಿ ದುರಸ್ತಿ ಮಾಡಿಸಿ, ಅಲ್ಲಿಂದ ಹಾರಿಸಿಕೊಂಡು ತರಬೇಕಾಯಿತು. ಮನೆಯ ಹಸು ಮಾರಿ, ಸಂತೆಯಲ್ಲಿ ಹಾಲು ಕೊಂಡ ಹಾಗೆ. ಚೇತಕ್ ಇಲ್ಲೇ ಹುಟ್ಟಿದ್ದು. ಮೂವತ್ತು ವರ್ಷದ ಬಳಿಕ ಅದನ್ನೂ ಎಲ್ಲಿಂದಲೋ ತರಿಸಿಕೊಳ್ಳುವ ಗತಿ ಬರಬಾರದು.

ಇನ್ನು ಸುರಕ್ಷತೆ. ತಮ್ಮ ಅಧಿಕಾರಿಗಳು ಮೊದಲು ಎತ್ತುವ ಆಕ್ಷೇಪ ಇದೇ, ಎತ್ತಲೇಬೇಕಾದದ್ದೂ ಹೌದು. 2022ರ ಜೂನ್ 22ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಲೋಗನ್ ಎಂಬಲ್ಲಿ ಹಳೆಯ ಹ್ಯೂಯಿ ಒಂದು ರಸ್ತೆಗೆ ಬಿದ್ದು ಅದರಲ್ಲಿದ್ದ ಆರೂ ಜನ ಸತ್ತರು. ಹಣ ಕೊಟ್ಟವರನ್ನು ಹತ್ತಿಸಿಕೊಳ್ಳುವ, ಕೆಲವರ ಕೈಗೆ ಹಾರಿಸಲೂ ಕೊಡುವ ಕೂಟವದು. ನಾನು ಇದನ್ನು ಮುಚ್ಚಿಡುವುದಿಲ್ಲ. ಹಳೆಯ ಯಂತ್ರದ ಮೇಲಿನ ಪ್ರೀತಿ ಒಂದು ಬೋಲ್ಟಿನ ಬಿರುಕನ್ನೂ ಮುಚ್ಚಲಾರದು ಎಂಬುದು ನಮ್ಮ ಹ್ಯಾಂಗರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದಕ್ಕೇ ನಮ್ಮ ಕೋರಿಕೆಯಲ್ಲಿ ಸಾರ್ವಜನಿಕರನ್ನು ಹತ್ತಿಸಿಕೊಳ್ಳುವ ಮಾತೇ ಇಲ್ಲ. ಪೈಲಟ್ ಮತ್ತು ಒಬ್ಬ ತಂತ್ರಜ್ಞ, ಅಷ್ಟೇ. ಜನಸಂದಣಿಯ ಮೇಲೆ ಹಾರುವುದಿಲ್ಲ. ಹಾರಿಸುವವರು ಈ ಯಂತ್ರದಲ್ಲೇ ಕೂದಲು ನರೆಸಿಕೊಂಡ ನಿವೃತ್ತ ಸೇನಾ ಪೈಲಟ್‌ಗಳು. ವರ್ಷಕ್ಕೆ ಹತ್ತು ಹದಿನೈದು ಗಂಟೆ ಹಾರಿದರೂ ನಮಗೆ ಹಬ್ಬ.

ಬ್ರಿಟನ್‌ನ ವಲ್ಕನ್ ಬಾಂಬರಿನ ಕಥೆಯಲ್ಲಿ ಇನ್ನೊಂದು ಪಾಠವಿದೆ. ಜನರ ದೇಣಿಗೆಯಿಂದ 2007ರಲ್ಲಿ ಮತ್ತೆ ಹಾರಿದ ಎಕ್ಸ್‌ಎಚ್ 558 ಸಂಖ್ಯೆಯ ವಲ್ಕನ್ 2015ರಲ್ಲಿ ನೆಲಕ್ಕಿಳಿಯಿತು. ಹಣ ಮುಗಿಯಿತೆಂದಲ್ಲ, ಅದರ ವಿನ್ಯಾಸ, ಎಂಜಿನ್ನುಗಳ ತಾಂತ್ರಿಕ ಹೊಣೆ ಹೊತ್ತಿದ್ದ ಕಂಪನಿಗಳು ಇನ್ನು ಮುಂದೆ ಹೊರಲಾರೆವು ಎಂದವು. ಸ್ವಯಂಸೇವಕರು ಎಷ್ಟೇ ಇರಲಿ, ಮಾಡಿದ ಕಾರ್ಖಾನೆಯ ಬೆನ್ನಾಸರೆ ಇಲ್ಲದಿದ್ದರೆ ಹಾರಾಟವಿಲ್ಲ. ಅಧ್ಯಕ್ಷರೇ, ಈ ಪತ್ರವನ್ನು ತಮಗೂ ಬರೆದಿರುವುದು ಇದಕ್ಕೇ. ನಮಗೆ ಸಂಬಳ ಬೇಡ. ಸಹಿ ಬೇಕು. ನಾವು ಮಾಡಿದ ಕೆಲಸವನ್ನು ತಮ್ಮ ಗುಣಮಟ್ಟದ ವಿಭಾಗ ಬಂದು ನೋಡಿ, ಸರಿ ಅಥವಾ ತಪ್ಪು ಎಂದು ಬರೆದು ಹಾಕುವ ಸಹಿ. ಸೇನಾ ವಿಮಾನಗಳ ಹಾರಾಟ ಯೋಗ್ಯತೆ ನೋಡುವ ಸೆಮಿಲ್ಯಾಕ್ ಕೂಡ ಬೆಂಗಳೂರಿನಲ್ಲೇ ಇದೆ. ಕಾರ್ಖಾನೆ, ಪರೀಕ್ಷಕರು, ನಿವೃತ್ತರು, ಎಲ್ಲರೂ ಒಂದೇ ಊರಿನಲ್ಲಿರುವ ಇಂಥ ಭಾಗ್ಯ ಹ್ಯಾಂಪ್ಟನ್ನಿನವರಿಗೂ ಇಲ್ಲ.

ಖರ್ಚಿನ ಮಾತು. ಚೇತಕ್‌ನ ಎಂಜಿನ್ನಿಗೆ ಹಸಿವು ಜಾಸ್ತಿ, ಗಂಟೆಗೆ ಇನ್ನೂರು ಲೀಟರಿನ ಆಸುಪಾಸು ಇಂಧನ ಕುಡಿಯುತ್ತದೆ. ವಿಮೆಯೂ ಅಗ್ಗವಲ್ಲ. ಇದಕ್ಕೆ ಸರ್ಕಾರದ ಬೊಕ್ಕಸ ಬೇಡ. ಟ್ರಸ್ಟ್ ನೋಂದಾಯಿಸಿ, ದೇಣಿಗೆ ಎತ್ತಿ, ಬೆಂಗಳೂರಿನ ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಸಿಎಸ್‌ಆರ್ ನಿಧಿಯ ಬಾಗಿಲು ತಟ್ಟುತ್ತೇವೆ. ಕೊಡುತ್ತಾರೋ ಇಲ್ಲವೋ ಅದು ನಮ್ಮ ಹಣೆಬರಹ. ಆದರೆ ದುಡ್ಡು ಕೊಟ್ಟರೂ ಸಿಗದ ವಸ್ತುಗಳಿವೆ, ಅವು ತಮ್ಮ ಉಗ್ರಾಣದಲ್ಲಿವೆ. ಹೆಲಿಕಾಪ್ಟರ್‌ನ ಬ್ಲೇಡು, ಗೇರ್‌ಬಾಕ್ಸ್, ರೋಟರ್ ತಲೆ, ಪ್ರತಿಯೊಂದಕ್ಕೂ ಇಂತಿಷ್ಟು ಗಂಟೆ ಎಂಬ ಆಯುಸ್ಸಿದೆ. ಮುಗಿದ ಮೇಲೆ ಬದಲಿಸಲೇಬೇಕು. ಹರಾಜು ಕೂಗಿದ ಮೇಲೆ ಅವು ತಾಮ್ರ, ಅಲ್ಯೂಮಿನಿಯಂ, ಉಕ್ಕು ಆಗಿ ಕರಗುತ್ತವೆ; ಆಮೇಲೆ ಯಾವ ದೇಣಿಗೆಯಿಂದಲೂ ತರಲಾಗದು.

ಆದ್ದರಿಂದ ಈಗಲೇ ಮಾಡಬೇಕಾದ ಕೆಲಸ ಚಿಕ್ಕದು, ಕಾಗದದ್ದು. ಸೇವೆಯಿಂದ ಹೊರಬೀಳುವವುಗಳಲ್ಲಿ ಕಡಿಮೆ ಗಂಟೆ ಹಾರಿದ ಒಂದು ಚೇತಕ್ ಮತ್ತು ಒಂದು ಚೀತಾವನ್ನು ಹೆಸರಿಸಿ, ಅವನ್ನು ಹರಾಜಿನ ಪಟ್ಟಿಯಿಂದ ಹೊರಗಿಡಿ. ಅವುಗಳ ಲಾಗ್‌ಬುಕ್ ಹರಿದು ಹಂಚಿಹೋಗದಂತೆ ಒಂದೆಡೆ ಇಡಿ. ಆಯುಸ್ಸು ಉಳಿದಿರುವ ಎರಡು ಎಂಜಿನ್, ಎರಡು ಗೇರ್‌ಬಾಕ್ಸ್, ಎರಡು ಜೊತೆ ಬ್ಲೇಡು, ಅವುಗಳ ವಿಶೇಷ ಉಪಕರಣಗಳನ್ನು ಮುದ್ರೆ ಹಾಕಿ ಎತ್ತಿಡಿ. ನಮ್ಮಂಥವರು ಶನಿವಾರಗಳಂದು ಒಳಗೆ ಬಂದು ಕೆಲಸ ಮಾಡಲು ಒಂದು ಗೇಟ್ ಪಾಸ್, ಜೊತೆಗೆ ಕಲಿಯಲು ಐದಾರು ಐಟಿಐ ಹುಡುಗ ಹುಡುಗಿಯರು. ಹಾರಾಟಕ್ಕೆ ಅನುಮತಿ ಕೊಡಲು ಮನಸ್ಸು ಬರುವುದಿಲ್ಲವೆಂದರೆ, ಐರ್ಲೆಂಡಿನ ದಾರಿ ಇದೆ. ರೋಟರ್ ತಿರುಗುವ ಸ್ಥಿತಿಯಲ್ಲಿಟ್ಟುಕೊಂಡು ತಿಂಗಳಿಗೊಮ್ಮೆ ನೆಲದ ಮೇಲೆಯೇ ಹೊತ್ತಿಸುತ್ತೇವೆ. ಹಾರಿದರೆ ಚೆನ್ನ, ತಿರುಗಿದರೂ ಕಲಿಸಬಹುದು.

2022ರ ಏಪ್ರಿಲ್ 2ರಂದು ಹಕೀಂಪೇಟೆಯಲ್ಲಿ ಚೇತಕ್‌ನ ಅರವತ್ತು ವರ್ಷಗಳ ಸೇವೆಯ ಸಮಾವೇಶವನ್ನು ರಕ್ಷಣಾ ಸಚಿವರೇ ಉದ್ಘಾಟಿಸಿದ್ದರು. ಸನ್ಮಾನ ಆಗಿದೆ, ಹಾರ ಬಿದ್ದಿದೆ. ಆ ಹಾರದ ಜೊತೆಗೆ ಮೇಲಿನ ಕಾಗದವೂ ಹೊರಟಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ.

ನಾವು ಸದ್ಯಕ್ಕೆ ಹನ್ನೊಂದು ಜನ ಇದ್ದೇವೆ. ರೋಟರಿನವರು, ಎಂಜಿನ್ನಿನವರು, ಶೀಟ್ ಮೆಟಲ್‌ನವರು, ಒಬ್ಬರು ಇನ್‌ಸ್ಪೆಕ್ಟರ್. ಬಾವುಟದ ಹೊಸ ಕ್ಯಾನ್ವಾಸ್ ಪಟ್ಟಿಯನ್ನು ನಾನು ಆಗಲೇ ಹೊಲಿಸಿಟ್ಟಿದ್ದೇನೆ; ಹೊಲಿದವನು ಇದೆಂಥ ಜಾಹೀರಾತಿಗೆ ಎಂದು ಕೇಳಿದ. ನಮ್ಮಲ್ಲಿ ಹಿರಿಯರಿಗೆ ಈಗ ಎಪ್ಪತ್ತೊಂಬತ್ತು. ನನ್ನ ಮೊಣಕೈ ಹಿಡಿದು ಕೋಲು ಹಿಡಿಯಲು ಕಲಿಸಿದವರು ಅವರೇ. ಮುಖ್ಯ ಗೇರ್‌ಬಾಕ್ಸಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲವರು ನಮ್ಮಲ್ಲಿ ಅವರೊಬ್ಬರೇ ಉಳಿದಿದ್ದಾರೆ. ಬೆಳಗಿನ ಹೊತ್ತು ಅವರು ಚೆನ್ನಾಗಿರುತ್ತಾರೆ, ಮಧ್ಯಾಹ್ನದ ಮೇಲೆ ದಣಿಯುತ್ತಾರೆ. ತಾವು ಸಭೆ ಕರೆಯುವುದಾದರೆ ದಯವಿಟ್ಟು ಬೆಳಿಗ್ಗೆ ಕರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಫಿಟ್ಟರ್, ಹೆಲಿಕಾಪ್ಟರ್ ಜೋಡಣೆ
ವಿಮಾನಪುರ, ಬೆಂಗಳೂರು